ಜ್ವರ ಬಿಟ್ಟ ಮೇಲೆ ಶುರುವಾಗುವ ರೋಗ

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಹೋಬಳಿಯ ಯಾವ ಹಳ್ಳಿಯ ಕಟ್ಟೆಯ ಮೇಲಾದರೂ ಚಿಕೂನ್‌ಗುನ್ಯಾದ ಮಾತೆತ್ತಿ ನೋಡಿ, ಬಹುಪಾಲು ಒಂದೇ ಬಗೆಯ ತೀರ್ಪು ಸಿಗುತ್ತದೆ. ಬರುತ್ತದೆ, ಮೈ ಮುರಿಯುತ್ತದೆ, ನಾಲ್ಕು ದಿನ ಮಲಗಿಸಿ ಹೋಗುತ್ತದೆ. ಡೆಂಗಿಯ ಹಾಗೆ ಜೀವ ತೆಗೆಯುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಸೀಮೆಯುದ್ದಕ್ಕೂ ಇದೇ ಮಾತು. ಪಟ್ಟಣದ ಕ್ಲಿನಿಕ್ಕಿನಲ್ಲಿ ಪ್ಲೇಟ್‌ಲೆಟ್ ಎಣಿಕೆ ಸರಿಯಿದ್ದರೆ ಅಷ್ಟಕ್ಕೇ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಸರ್ಕಾರಿ ವರದಿಯಲ್ಲಿ ಎಷ್ಟು ಜನರಿಗೆ ಬಂತು, ಎಷ್ಟು ಜನ ಸತ್ತರು ಎಂಬ ಎರಡು ಅಂಕಣಗಳಿರುತ್ತವೆ. ಎರಡನೆಯದರಲ್ಲಿ ಸೊನ್ನೆ ಇದ್ದರೆ ಕಡತ ಮುಚ್ಚಿದಂತೆ. ಜ್ವರ ಇಳಿದ ಮೇಲೂ ಉಳಿದ ನೋವಿಗೆ ವಾಯು, ನಿಶ್ಶಕ್ತಿ, ವಯಸ್ಸು ಎಂದು ಬೇರೆ ಹೆಸರುಗಳು ಕಾದಿರುತ್ತವೆ.

ಈ ತೀರ್ಪು ತಪ್ಪು ಎನ್ನುವುದು ನನ್ನ ವಾದ. ಚಿಕೂನ್‌ಗುನ್ಯಾವನ್ನು ಜ್ವರದ ಪಟ್ಟಿಯಲ್ಲಿ ಇಟ್ಟದ್ದೇ ನಮ್ಮ ಮೂಲ ದೋಷ. ಜ್ವರ ಅದರ ಆರಂಭ ಮಾತ್ರ. ಅದು ಕೀಲುಗಳ ಒಳಪೊರೆಯನ್ನು ಹಿಡಿಯುವ ವೈರಸ್ ರೋಗ. ಅದರ ಹಾನಿಯ ದೊಡ್ಡ ಪಾಲು ಆಗುವುದು ಥರ್ಮಾಮೀಟರಿನ ಪಾದರಸ ಕೆಳಗಿಳಿದ ಮೇಲೆ. ಕೈಯ ದುಡಿಮೆಯಿಂದಲೇ ಬದುಕುವ ಈ ಸೀಮೆಯಲ್ಲಿ ಅದನ್ನು ಸಣ್ಣ ಜ್ವರ ಎಂದು ಕರೆಯುವುದು ದುಡಿಯುವವರ ಕೈಗೇ ಬೆಲೆಯಿಲ್ಲ ಎಂದಂತೆ.

ಮೊದಲು ನಡೆದದ್ದನ್ನು ನೋಡೋಣ. ಈ ವೈರಸ್ಸನ್ನು ಮೊದಲು ಗುರುತಿಸಿದ್ದು 1952-53ರಲ್ಲಿ, ಇಂದಿನ ತಾಂಜಾನಿಯಾದ ದಕ್ಷಿಣದ ಮಕೊಂಡೆ ಪ್ರಸ್ಥಭೂಮಿಯಲ್ಲಿ. ಭಾರತದಲ್ಲಿ ಅದು 1963ರಲ್ಲಿ ಕಲ್ಕತ್ತದಲ್ಲಿ ಕಾಣಿಸಿಕೊಂಡಿತು. 1964-65ರಲ್ಲಿ ಮದರಾಸು, ವೆಲ್ಲೂರು, ಪಾಂಡಿಚೇರಿ, ವಿಶಾಖಪಟ್ಟಣ, ನಾಗಪುರಗಳನ್ನು ಕಾಡಿತು. 1973ರಲ್ಲಿ ನಮ್ಮ ಗಡಿಯಾಚೆಯ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯನ್ನು ಮಲಗಿಸಿತು. ಅಲ್ಲಿಂದ ಮುಂದೆ ಸುಮಾರು ಮೂವತ್ತೆರಡು ವರ್ಷ ಸದ್ದಿಲ್ಲ. ವೈದ್ಯರ ಒಂದು ಪೀಳಿಗೆ ಈ ರೋಗವನ್ನು ಕಣ್ಣಾರೆ ಕಾಣದೆಯೇ ವೃತ್ತಿ ನಡೆಸಿತು. ಜನರ ಒಂದು ಪೀಳಿಗೆ ಅದರ ಎದುರು ಯಾವ ರೋಗನಿರೋಧ ಶಕ್ತಿಯೂ ಇಲ್ಲದೆ ಬೆಳೆಯಿತು.

2004ರಲ್ಲಿ ಕೆನ್ಯಾದ ಕರಾವಳಿಯಲ್ಲಿ ಎದ್ದ ಪಿಡುಗು ಹಿಂದೂ ಮಹಾಸಾಗರದ ದ್ವೀಪಗಳನ್ನು ಹಾಯ್ದು ರಿಯೂನಿಯನ್ ದ್ವೀಪದ ಮೂರನೇ ಒಂದು ಪಾಲು ಜನರನ್ನು ಹಿಡಿಯಿತು. 2005ರ ಕೊನೆಗೆ ಆಂಧ್ರ, ಕರ್ನಾಟಕ, ಮಹಾರಾಷ್ಟ್ರದ ಒಣಸೀಮೆಗೆ ಬಂತು. ಈ ಸಲ ಬಂದದ್ದು 1963ರ ಏಷ್ಯಾ ತಳಿಯಲ್ಲ, ಆಫ್ರಿಕಾ ತಳಿ ಎಂಬುದನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು 2006ರಲ್ಲೇ ತೋರಿಸಿದರು. ಆ ವರ್ಷ ದೇಶದಲ್ಲಿ ದಾಖಲಾದ ಶಂಕಿತ ಪ್ರಕರಣಗಳು ಸುಮಾರು 13.9 ಲಕ್ಷ. ಅದರಲ್ಲಿ ಕರ್ನಾಟಕದ ಪಾಲು ಏಳೂವರೆ ಲಕ್ಷಕ್ಕೂ ಮೇಲೆ, ಅಂದರೆ ಇಡೀ ದೇಶದ ಅರ್ಧಕ್ಕಿಂತ ಹೆಚ್ಚು. ಆಗ ರಾಜ್ಯದಲ್ಲಿದ್ದ 27 ಜಿಲ್ಲೆಗಳನ್ನೂ ಅದು ಮುಟ್ಟಿತ್ತು. ಕೂಡ್ಲಿಗಿ ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು, ಹರಪನಹಳ್ಳಿ ದಾವಣಗೆರೆಯಲ್ಲಿ. ಜಿಲ್ಲೆಯ ಗಡಿಗಳು ಆಮೇಲೆ ಬದಲಾದವು, 2021ರಲ್ಲಿ ಈ ತಾಲ್ಲೂಕುಗಳೆಲ್ಲ ವಿಜಯನಗರ ಜಿಲ್ಲೆಗೆ ಸೇರಿದವು. ರೋಗದ ಬಗೆಗಿನ ಅಸಡ್ಡೆ ಮಾತ್ರ ಎಲ್ಲ ಗಡಿಗಳನ್ನೂ ದಾಟಿ ಹಾಗೆಯೇ ಉಳಿಯಿತು.

ಬಂದು ಹೋಯಿತು ಎನ್ನುವವರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಅದು ಹೋಗಲೇ ಇಲ್ಲ. 2008ರಲ್ಲಿ ದಕ್ಷಿಣ ಕನ್ನಡದ ಅಡಿಕೆ ಮತ್ತು ರಬ್ಬರ್ ತೋಟಗಳ ಊರುಗಳು ನರಳಿದವು. 2017ರಲ್ಲಿ ದೇಶದಲ್ಲಿ ವರದಿಯಾದ ಸುಮಾರು 67 ಸಾವಿರ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕೆ ಹತ್ತಿರದಷ್ಟು ಕರ್ನಾಟಕದವೇ. ಹದಿನೈದು ವರ್ಷಕ್ಕೂ ಮಿಕ್ಕಿ ಈ ನೆಲದಲ್ಲಿ ನೆಲೆ ಊರಿದ ರೋಗವನ್ನು ಹಳೆಯ ನೆನಪು ಎಂದು ಬಗೆಯುವುದು ಸರಿಯಲ್ಲ.

ಈಗ ರೂಢಿಯ ಅಭಿಪ್ರಾಯದ ಒಂದೊಂದೇ ಕಂಬವನ್ನು ಮುಟ್ಟಿ ನೋಡೋಣ.

ಮೊದಲನೆಯದು, ಇದು ಕೊಲ್ಲುವುದಿಲ್ಲ ಎಂಬುದು. 2006ರಲ್ಲಿ ಸರ್ಕಾರದ ಲೆಕ್ಕದಲ್ಲಿ ಚಿಕೂನ್‌ಗುನ್ಯಾ ಸಾವು ಸೊನ್ನೆ. ಆದರೆ ಅಹಮದಾಬಾದಿನ ಮರಣ ನೋಂದಣಿಯನ್ನು ಹಿಂದಿನ ವರ್ಷಗಳ ಜತೆ ಹೋಲಿಸಿ ನೋಡಿದ ಸಂಶೋಧಕರಿಗೆ ಪಿಡುಗಿನ ನಾಲ್ಕು ತಿಂಗಳಲ್ಲಿ, 2006ರ ಆಗಸ್ಟಿನಿಂದ ನವೆಂಬರಿನವರೆಗೆ, ಎಂದಿಗಿಂತ 2,944 ಸಾವು ಹೆಚ್ಚಾಗಿರುವುದು ಕಂಡಿತು. ರಿಯೂನಿಯನ್ ದ್ವೀಪದಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಮರಣಪತ್ರಗಳಲ್ಲಿ ವೈದ್ಯರು ಈ ರೋಗದ ಹೆಸರು ಬರೆದರು. ವಯಸ್ಸಾದವರು, ಸಕ್ಕರೆ ಕಾಯಿಲೆ ಅಥವಾ ಹೃದಯದ ತೊಂದರೆ ಇದ್ದವರು, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಸೋಂಕು ತಗುಲಿದ ಹಸುಗೂಸುಗಳು ಅಪಾಯದಲ್ಲಿರುತ್ತಾರೆ. ಕೊಲ್ಲುವುದು ಅಪರೂಪ ಎನ್ನುವುದು ನಿಜ. ಕೊಲ್ಲುವುದೇ ಇಲ್ಲ ಎನ್ನುವುದು ಸುಳ್ಳು. ಆದರೂ ನನ್ನ ಜಗಳ ಮುಖ್ಯವಾಗಿ ಸಾವಿನ ಲೆಕ್ಕದ ಬಗ್ಗೆ ಅಲ್ಲ. ಸಾವನ್ನೇ ಏಕೈಕ ಅಳತೆಗೋಲು ಮಾಡಿಕೊಂಡ ಮನಸ್ಸಿನ ಬಗ್ಗೆ.

ಆ ಅಳತೆಗೋಲು ಎಷ್ಟು ಮೋಸ ಮಾಡುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ಪುರಾವೆ ಇದೆ. ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2006ರ ಪಿಡುಗಿನಿಂದ ಕಳೆದುಹೋದ ಆರೋಗ್ಯವಂತ ಬದುಕಿನ ವರ್ಷಗಳನ್ನು ಲೆಕ್ಕ ಹಾಕಿದರು. ದೇಶಕ್ಕೆ ಒಟ್ಟು 25,588 ವರ್ಷಗಳ ನಷ್ಟ. ಅದರಲ್ಲಿ ಕರ್ನಾಟಕ ಒಂದರದ್ದೇ ಶೇಕಡಾ 55. ಇಡೀ ನಷ್ಟದಲ್ಲಿ ಶೇಕಡಾ 69ರಷ್ಟು ಬಂದದ್ದು ಬಿಡದೆ ಕಾಡಿದ ಕೀಲುನೋವಿನಿಂದ. ದುಡಿಮೆ ತಪ್ಪಿದ್ದರಿಂದ ಆದ ಆದಾಯನಷ್ಟ ಕಡಿಮೆಯೆಂದರೂ 39 ಕೋಟಿ ರೂಪಾಯಿ. ಇದರ ಅರ್ಥ ನೇರವಾಗಿದೆ. ನಾವು ರೋಗ ಎಂದು ಕರೆದದ್ದು ಅದರ ಮೂರನೇ ಒಂದು ಪಾಲನ್ನು. ಉಳಿದ ಎರಡು ಪಾಲು, ನಾವು ಕಣ್ಣು ತಿರುಗಿಸಿದ ಮೇಲೆ, ಜನರ ಮಣಿಕಟ್ಟು, ಬೆರಳುಗಂಟು, ಹಿಮ್ಮಡಿಗಳಲ್ಲಿ ನಡೆಯಿತು. ಅದನ್ನು ಅತಿ ಹೆಚ್ಚು ಹೊತ್ತ ರಾಜ್ಯ ನಮ್ಮದು.

ಎರಡನೆಯ ಕಂಬ ಹೆಚ್ಚು ಗಟ್ಟಿಯಾದದ್ದು, ಹಾಗಾಗಿ ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು. ವೈರಸ್ ಎಂದರೆ ಜ್ವರ, ನೆಗಡಿ, ಭೇದಿ. ಕೀಲು ಎಂದರೆ ವಾತ, ಸವೆತ, ಮುಪ್ಪು. ಎರಡಕ್ಕೂ ಸಂಬಂಧವಿಲ್ಲ, ಜ್ವರದ ನಂತರದ ನೋವು ಬರೀ ನಿಶ್ಶಕ್ತಿ, ಹಾಲು ಮೊಟ್ಟೆ ತಿಂದರೆ ಸರಿಹೋಗುತ್ತದೆ ಎಂಬ ನಂಬಿಕೆ ಇದು.

ದೇಹದೊಳಗೆ ನಡೆಯುವುದು ಬೇರೆ. ಈಡಿಸ್ ಸೊಳ್ಳೆ ಕಚ್ಚಿದ ಮೂರರಿಂದ ಏಳು ದಿನದೊಳಗೆ ಸಾಮಾನ್ಯವಾಗಿ ಜ್ವರ ಏರುತ್ತದೆ. ಆ ಮೊದಲ ವಾರ ರಕ್ತದಲ್ಲಿ ವೈರಸ್ ತುಂಬಿ ತುಳುಕುತ್ತಿರುತ್ತದೆ. ಅದು ಸಿಕ್ಕ ಸಿಕ್ಕ ಕಡೆ ಹೋಗಿ ನಿಲ್ಲುವುದಿಲ್ಲ. ಚರ್ಮ, ಸ್ನಾಯು ಮತ್ತು ಕೀಲುಗಳ ಒಳಪೊರೆಯಲ್ಲಿರುವ ಕೆಲವು ಬಗೆಯ ಕೋಶಗಳನ್ನೇ ಹುಡುಕಿ ಹೊಗುತ್ತದೆ. ಯಾಕೆ ಹೀಗೆ ಎಂಬುದಕ್ಕೆ 2018ರಲ್ಲಿ ಒಂದು ಉತ್ತರ ಸಿಕ್ಕಿತು. ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಎಂಎಕ್ಸ್‌ಆರ್‌ಎ8 ಎಂಬ ಪ್ರೋಟೀನನ್ನು ಗುರುತಿಸಿದರು. ಕೀಲಿನ ಸುತ್ತಲ ಕೋಶಗಳ ಹೊರಮೈಯಲ್ಲಿರುವ ಈ ಪ್ರೋಟೀನೇ ವೈರಸ್ಸಿಗೆ ಒಳಹೋಗುವ ಬಾಗಿಲು. ಇಲಿಗಳಲ್ಲಿ ಅದನ್ನು ತಡೆದಾಗ ಸೋಂಕೂ ತಗ್ಗಿತು, ಪಾದದ ಊತವೂ ತಗ್ಗಿತು. ಕೀಲು ಈ ವೈರಸ್ಸಿಗೆ ಆಕಸ್ಮಿಕವಾಗಿ ಸಿಕ್ಕ ಜಾಗವಲ್ಲ, ಅದು ಗುರಿಯಿಟ್ಟು ಬರುವ ಜಾಗ.

ವೈರಸ್ ಒಳಹೊಕ್ಕ ಕೋಶಗಳು ಕೂಗಿ ಕರೆದಂತೆ ರಕ್ಷಣಾ ಕಣಗಳು ಕೀಲಿಗೆ ಧಾವಿಸುತ್ತವೆ. ಮ್ಯಾಕ್ರೊಫೇಜುಗಳೂ ಟಿ ಕೋಶಗಳೂ ಅಲ್ಲಿ ಜಮಾಯಿಸುತ್ತವೆ. ಇಂಟರ್‌ಲ್ಯೂಕಿನ್-6ರಂತಹ ಉರಿಯೂತದ ರಾಸಾಯನಿಕಗಳು ಉಕ್ಕುತ್ತವೆ. ಒಳಪೊರೆ ದಪ್ಪವಾಗುತ್ತದೆ, ನೀರು ತುಂಬುತ್ತದೆ, ಗಂಟು ಊದುತ್ತದೆ. ಬೆಳಗ್ಗೆ ಎದ್ದಾಗ ಕೈ ಕಾಲು ಮರಗಟ್ಟಿದಂತಾಗುವುದು ಈ ಉರಿಯೂತದ ಗುರುತು. ಸೈನ್ಯ ಬಂದದ್ದು ಶತ್ರುವಿಗಾಗಿ. ಆದರೆ ಕಳ್ಳ ಓಡಿಹೋದ ಮೇಲೂ ಊರವರು ಲಾಠಿ ಬಿಡದೆ ತಮ್ಮ ಮನೆಗಳ ಬಾಗಿಲನ್ನೇ ಬಡಿಯುತ್ತಿರುವ ಹಾಗೆ, ಕೆಲವರಲ್ಲಿ ಈ ಕಾದಾಟ ನಿಲ್ಲುವುದಿಲ್ಲ.

ಕಳ್ಳ ನಿಜಕ್ಕೂ ಓಡಿಹೋಗಿದ್ದಾನೆಯೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ಮುಗಿದಿಲ್ಲ. ರಿಯೂನಿಯನ್ನಿನಲ್ಲಿ ರೋಗಿಯೊಬ್ಬರ ಕೀಲಿನ ಪೊರೆಯ ಚೂರು ತೆಗೆದು ನೋಡಿದಾಗ ಸೋಂಕಾದ 18 ತಿಂಗಳ ಮೇಲೂ ವೈರಸ್ಸಿನ ಕುರುಹು ಸಿಕ್ಕಿತು. ಕೊಲಂಬಿಯಾದಲ್ಲಿ ಸುಮಾರು 22 ತಿಂಗಳ ನಂತರ 38 ರೋಗಿಗಳ ಕೀಲುನೀರನ್ನು ಪರೀಕ್ಷಿಸಿದಾಗ ವೈರಸ್ ಸಿಗಲೇ ಇಲ್ಲ. ನೋವು ಮಾತ್ರ ಇತ್ತು. ಒಂದು ಪೊರೆಯ ಮಾತು, ಇನ್ನೊಂದು ನೀರಿನ ಮಾತು. ಹಾಗಾಗಿ ಎರಡೂ ನಿಜವಾಗಿರಬಹುದು. ನಮ್ಮ ಪ್ರಶ್ನೆಗೆ ಬೇಕಾದ ಉತ್ತರವನ್ನು ಮಾತ್ರ ಎರಡೂ ಒಂದೇ ದನಿಯಲ್ಲಿ ಹೇಳುತ್ತವೆ. ಒಂದೂವರೆ ಎರಡು ವರ್ಷದ ಮೇಲೂ ನೋಯುವ ಕೀಲಿಗೆ ಕಾರಣ ಆ ಸೋಂಕು. ಅದೇ ಕೊಲಂಬಿಯಾದ ಅಧ್ಯಯನದ ಜನಸಮೂಹದಲ್ಲಿ, ಜ್ವರ ಬಂದು 20 ತಿಂಗಳಾದ ಮೇಲೂ ನಾಲ್ವರಲ್ಲಿ ಒಬ್ಬರಿಗೆ ಕೀಲುನೋವು ಉಳಿದಿತ್ತು.

ವೈರಸ್ ಮತ್ತು ಕೀಲಿನ ಈ ನಂಟು ಚಿಕೂನ್‌ಗುನ್ಯಾದ ವಿಶೇಷವೂ ಅಲ್ಲ. ಆಸ್ಟ್ರೇಲಿಯಾದ ರಾಸ್ ರಿವರ್ ವೈರಸ್, 1959ರಲ್ಲಿ ಉಗಾಂಡಾದಿಂದ ಹಬ್ಬಿದ ಒನ್ಯೊಂಗ್-ನ್ಯೊಂಗ್ ವೈರಸ್ ಇದೇ ಕುಟುಂಬದವು, ಇದೇ ಬಾಗಿಲಿನಿಂದ ಒಳಹೋಗುವವು. ಮಕ್ಕಳ ಕೆನ್ನೆ ಕೆಂಪಾಗಿಸುವ ಪಾರ್ವೊವೈರಸ್ ದೊಡ್ಡ ಹೆಂಗಸರಿಗೆ ತಗುಲಿದರೆ ಬೆರಳುಗಂಟುಗಳನ್ನು ಊದಿಸುತ್ತದೆ. ರುಬೆಲ್ಲಾ ಕೂಡ ಹೀಗೇ ಮಾಡುತ್ತದೆ. ಹೆಪಟೈಟಿಸ್ ಬಿ ಸೋಂಕಿನಲ್ಲಿ ಕಣ್ಣು ಹಳದಿಯಾಗುವ ಮೊದಲೇ ಕೀಲುಗಳು ಹಿಡಿದುಕೊಳ್ಳಬಹುದು. ಜ್ವರ ಒಂದು ಕಡೆ, ಕೀಲು ಇನ್ನೊಂದು ಕಡೆ ಎಂಬ ನಮ್ಮ ವಿಂಗಡಣೆಗೆ ದೇಹದಲ್ಲಿ ಆಧಾರವೇ ಇಲ್ಲ.

ವಯಸ್ಸು ಎಂಬ ಉತ್ತರದಲ್ಲಿ ಒಂದು ಅನ್ಯಾಯವೂ ಇದೆ. ಈ ರೋಗದಲ್ಲಿ ಕೀಲುನೋವು ದೀರ್ಘಕಾಲ ಉಳಿಯುವ ಸಂಭವ ಯಾರಿಗೆ ಹೆಚ್ಚು? ನಲವತ್ತು ದಾಟಿದವರಿಗೆ, ಹೆಂಗಸರಿಗೆ, ಮೊದಲೇ ಕೀಲಿನ ತೊಂದರೆ ಇದ್ದವರಿಗೆ, ಮೊದಲ ವಾರದಲ್ಲಿ ನೋವು ವಿಪರೀತವಾಗಿದ್ದವರಿಗೆ. ನಿನಗೆ ವಯಸ್ಸಾಯ್ತು ಎಂದು ಹೇಳಿ ಕಳಿಸಲು ಅತಿ ಸುಲಭವಾದವರೂ ಇವರೇ. ಅಪಾಯ ಯಾರಿಗೆ ಹೆಚ್ಚೋ ಅವರ ದೂರನ್ನೇ ನಾವು ಮೊದಲು ತಳ್ಳಿಹಾಕುತ್ತೇವೆ. ಸವೆತದ ನೋವಿಗೂ ಉರಿಯೂತದ ನೋವಿಗೂ ವ್ಯತ್ಯಾಸ ಕೇಳಿ ತಿಳಿಯುವುದು ಕಷ್ಟವೇನಲ್ಲ. ಸವೆದ ಮಂಡಿ ದಿನವಿಡೀ ದುಡಿದ ಸಂಜೆ ಹೆಚ್ಚು ನೋಯುತ್ತದೆ, ಕೂತರೆ ಇಳಿಯುತ್ತದೆ. ಉರಿಯೂತದ ಕೀಲು ಬೆಳಗ್ಗೆ ಹೆಚ್ಚು ಬಿಗಿದಿರುತ್ತದೆ, ಆಡಿಸುತ್ತ ಹೋದಂತೆ ಸಡಿಲವಾಗುತ್ತದೆ, ಮುಟ್ಟಿದರೆ ಊತ ಸಿಗುತ್ತದೆ. ಸವೆತ ವರ್ಷಗಟ್ಟಲೆ ಮೆಲ್ಲಗೆ ಬರುತ್ತದೆ. ಇದು ಯಾವ ವಾರ ಶುರುವಾಯಿತು ಎಂದು ರೋಗಿ ಬೆರಳಿಟ್ಟು ಹೇಳಬಲ್ಲಳು. “ಮುಂಜಾನೆ ಎದ್ರೆ ಮುಷ್ಟಿ ಕಟ್ಟಾಕ ಬರವಲ್ದು” ಎಂದು ಹೆಂಗಸೊಬ್ಬಳು ಹೇಳಿದಳೆಂದರೆ, ಅವಳು ರೋಗದ ಲಕ್ಷಣವನ್ನು ಯಾವ ಪಠ್ಯಪುಸ್ತಕಕ್ಕೂ ಕಡಿಮೆಯಿಲ್ಲದಷ್ಟು ಖಚಿತವಾಗಿ ಹೇಳಿದ್ದಾಳೆ. ಕೇಳಿಸಿಕೊಳ್ಳುವ ಕಿವಿ ಬೇಕಷ್ಟೆ.

ಮೂರನೆಯ ಕಂಬ ಸೂಜಿ. ಒಂದು ಸೂಜಿ ಹಾಕಿಸಿಕೊಂಡರೆ ನೋವು ಹೋಗುತ್ತದೆ, ಹೋಯಿತೆಂದರೆ ರೋಗವೂ ಹೋಯಿತು. ಎರಡು ದಿನ ಕೂಲಿ ತಪ್ಪಿದರೆ ಒಲೆ ಹೊತ್ತದ ಮನೆಯವರು ಆ ಸೂಜಿಗೆ ಕೈ ಒಡ್ಡುವುದರಲ್ಲಿ ತಪ್ಪೇನಿಲ್ಲ. ತಪ್ಪು ಇರುವುದು ಅದನ್ನೇ ಚಿಕಿತ್ಸೆ ಎಂದು ನಂಬಿಸಿದ ಪದ್ಧತಿಯಲ್ಲಿ. ಮೊದಲ ದಿನಗಳಲ್ಲಿ ಕೊಡುವ ಸ್ಟಿರಾಯ್ಡ್ ಸೂಜಿ ಊತವನ್ನು ಥಟ್ಟನೆ ಇಳಿಸುತ್ತದೆ, ನಿಲ್ಲಿಸಿದೊಡನೆ ನೋವು ಮರುಕಳಿಸುವುದು ಸಾಮಾನ್ಯ. ಮರುಕಳಿಸಿದಾಗ ಇನ್ನೊಂದು ಸೂಜಿ. ಹೀಗೆ ಸೂಜಿಯಿಂದ ಸೂಜಿಗೆ ನಡೆದವರಿಗೆ ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ಮೊದಲ ವಾರದಲ್ಲಿ ಅದು ಡೆಂಗಿಯೋ ಚಿಕೂನ್‌ಗುನ್ಯಾವೋ ತಿಳಿಯುವ ಮೊದಲೇ ಆಸ್ಪಿರಿನ್, ಡೈಕ್ಲೊಫೆನಾಕ್‌ನಂತಹ ಔಷಧ ಕೊಟ್ಟರೆ, ಡೆಂಗಿ ಇದ್ದವರಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಆ ಹೊತ್ತಿಗೆ ಸುರಕ್ಷಿತವಾದದ್ದು ಪ್ಯಾರಾಸಿಟಮಾಲ್, ನೀರು, ವಿಶ್ರಾಂತಿ.

2006ರಲ್ಲಿ ಇನ್ನೊಂದು ಔಷಧವೂ ಹೆಸರು ಮಾಡಿತ್ತು: ಮಲೇರಿಯಾದ ಕ್ಲೋರೊಕ್ವಿನ್. ರಿಯೂನಿಯನ್ನಿನಲ್ಲಿ ಪರೀಕ್ಷಿಸಿ ನೋಡಿದಾಗ ಅದು ಉಪಯೋಗಕ್ಕೆ ಬರಲಿಲ್ಲ. ತಿಂಗಳುಗಳ ನಂತರ ಕೀಲುನೋವಿನ ದೂರು ಅದನ್ನು ತೆಗೆದುಕೊಂಡವರಲ್ಲೇ ಹೆಚ್ಚಿತ್ತು. ಪುಣೆಯ ಸಂಧಿವಾತ ತಜ್ಞರು ನಡೆಸಿದ ಪ್ರಯೋಗದಲ್ಲೂ ಅದು ಸಾಮಾನ್ಯ ನೋವಿನ ಮಾತ್ರೆಗಿಂತ ಮೇಲೆನಿಸಲಿಲ್ಲ. ಹಾಗೆಂದು ಏನೂ ಮಾಡಲಾಗದು ಎಂದು ಕೈಚೆಲ್ಲುವುದೂ ತಪ್ಪು. ಮೂರು ತಿಂಗಳು ದಾಟಿದರೂ ಊತ ಬಿಡದವರಿಗೆ ಸಂಧಿವಾತದ ನಿಜವಾದ ಔಷಧಗಳಿವೆ. ನಮ್ಮ ದೇಶದ ವೈದ್ಯರು ಇಂತಹ ರೋಗಿಗಳನ್ನು ಎರಡು ವರ್ಷ ಹಿಂಬಾಲಿಸಿ ತಮ್ಮ ಅನುಭವ ಪ್ರಕಟಿಸಿದ್ದಾರೆ. ಕೋಳಿಕ್ಕೋಡಿನಲ್ಲಿ ಮೆಥೊಟ್ರೆಕ್ಸೇಟ್, ಸಲ್ಫಾಸಲಜೀನ್, ಹೈಡ್ರಾಕ್ಸಿಕ್ಲೋರೊಕ್ವಿನ್ ಮೂರನ್ನೂ ಕೂಡಿಸಿ ಕೊಟ್ಟವರಲ್ಲಿ, ಒಂದೇ ಮಾತ್ರೆ ಪಡೆದವರಿಗಿಂತ ಆರು ತಿಂಗಳಲ್ಲಿ ಹೆಚ್ಚು ಗುಣ ಕಂಡಿತು. ಈ ಔಷಧಗಳನ್ನು ಅಂಗಡಿಯಿಂದ ತಂದು ನುಂಗುವಂತಿಲ್ಲ. ಪಿತ್ತಜನಕಾಂಗ, ರಕ್ತದ ಪರೀಕ್ಷೆ ಬೇಕು, ಬಸುರಿಯರಿಗೆ ಮೆಥೊಟ್ರೆಕ್ಸೇಟ್ ಕೂಡದು. ಅದಕ್ಕೇ ತಜ್ಞರು ಬೇಕು. ಆ ತಜ್ಞರು ಇರುವುದು ದೊಡ್ಡ ನಗರಗಳಲ್ಲಿ. ಗುಡೇಕೋಟೆಯಿಂದ ಬೆಂಗಳೂರಿಗೆ ಹೋಗಿಬರುವ ಖರ್ಚು, ತಪ್ಪುವ ಕೂಲಿ ಕೂಡಿಸಿದರೆ ಔಷಧಕ್ಕಿಂತ ದಾರಿಯೇ ದುಬಾರಿ.

ಇಷ್ಟು ಹೇಳಿದ ಮೇಲೆ ಎದುರುದಿಕ್ಕಿನ ರೂಢಿಯನ್ನೂ ಪ್ರಶ್ನಿಸದಿದ್ದರೆ ವಾದ ಪ್ರಾಮಾಣಿಕವಾಗದು. 2006ರ ನಂತರ ಕೆಲವರ ಬಾಯಲ್ಲಿ ಎಲ್ಲ ಕೀಲುನೋವೂ ಚಿಕೂನ್‌ಗುನ್ಯಾವೇ ಆಗಿಬಿಟ್ಟಿದೆ. ಕೂಡ್ಲಿಗಿ ಸೀಮೆಯಲ್ಲಿ ಇದು ವಿಶೇಷವಾಗಿ ಅಪಾಯದ ಮಾತು, ಏಕೆಂದರೆ ಇಲ್ಲಿನ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು ಕಂದುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಮೂಳೆಗಳ ಸುತ್ತ ಸುಣ್ಣ ಕಟ್ಟಿ ಬೆನ್ನು ಬಾಗುತ್ತದೆ, ಕುತ್ತಿಗೆ ತಿರುಗದಾಗುತ್ತದೆ. ಭಾರತದಲ್ಲಿ ಫ್ಲೋರೈಡಿನ ಈ ರೋಗವನ್ನು ಮೊದಲು ವಿವರವಾಗಿ ದಾಖಲಿಸಿದ್ದು 1937ರಲ್ಲಿ, ನೆಲ್ಲೂರಿನಲ್ಲಿ. ಆಗ ಬಳ್ಳಾರಿಯೂ ನೆಲ್ಲೂರೂ ಒಂದೇ ಮದರಾಸು ಪ್ರಾಂತಕ್ಕೆ ಸೇರಿದ್ದವು. ಇಷ್ಟು ಹಳೆಯ, ನೀರು ಬದಲಿಸಿದರೆ ಮಾತ್ರ ತಡೆಯಬಹುದಾದ ರೋಗವನ್ನು ಸೊಳ್ಳೆಯ ತಲೆಗೆ ಕಟ್ಟಿದರೆ ಶುದ್ಧ ನೀರು ಕೊಡಬೇಕಾದವರು ನುಣುಚಿಕೊಳ್ಳುತ್ತಾರೆ. ಹಾಗೆಯೇ ರುಮಟಾಯ್ಡ್ ಸಂಧಿವಾತವನ್ನು ಚಿಕೂನ್‌ಗುನ್ಯಾ ಎಂದುಕೊಂಡು ಕಾಯುತ್ತ ಕೂತರೆ, ಮೊದಲ ಎರಡು ವರ್ಷಗಳಲ್ಲೇ ಮೂಳೆ ಸವೆದು ಬೆರಳು ಸೊಟ್ಟಗಾಗಬಹುದು.

ಒಂದು ರಕ್ತಪರೀಕ್ಷೆಯೂ ಇದನ್ನು ಬಗೆಹರಿಸುವುದಿಲ್ಲ. ಐಜಿಎಂ ಪ್ರತಿಕಾಯ ತಿಂಗಳುಗಟ್ಟಲೆ ಉಳಿಯಬಹುದು, ಐಜಿಜಿ ವರ್ಷಗಟ್ಟಲೆ. ಊರಿಗೆ ಊರೇ ಸೋಂಕು ಕಂಡ ಕಡೆ ಐಜಿಜಿ ಪಾಸಿಟಿವ್ ಬಂದರೆ ಅದು ಹಳೆಯ ಸೋಂಕಿನ ಸಾಕ್ಷಿ ಮಾತ್ರ, ಇಂದಿನ ನೋವಿಗೆ ಅದೇ ಕಾರಣ ಎಂಬುದಕ್ಕೆ ಸಾಕ್ಷಿಯಲ್ಲ. ಯಾವ ಕೀಲು, ಯಾವಾಗ ಶುರು, ಊತ ಇದೆಯೇ, ಕುಡಿಯುವ ನೀರು ಯಾವುದು ಎಂದು ಕೂತು ಕೇಳುವ ವೈದ್ಯಕೀಯವೇ ಬೇಕು. ಏನೂ ಅಲ್ಲ ಎನ್ನುವವರೂ ಎಲ್ಲವೂ ಅದೇ ಎನ್ನುವವರೂ ಮಾಡುವುದು ಒಂದೇ ಕೆಲಸ: ಕೇಳುವುದನ್ನು ನಿಲ್ಲಿಸುತ್ತಾರೆ.

ಸೊಳ್ಳೆಯ ಬಗೆಗಿನ ರೂಢಿಯೂ ಇಲ್ಲಿ ತಪ್ಪು ದಾರಿ ಹಿಡಿಸಿದೆ. ಸೊಳ್ಳೆ ಎಂದರೆ ಚರಂಡಿ, ಪರಿಹಾರವೆಂದರೆ ಹೊಗೆ ಬಿಡುವುದು. ಒಣಸೀಮೆಯಲ್ಲಿ ಈ ರೋಗ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆಗೆ ಚರಂಡಿ ಬೇಡ. ಅದಕ್ಕೆ ಬೇಕಾದದ್ದು ನಾವು ಕೂಡಿಟ್ಟ ಒಳ್ಳೆಯ ನೀರು. ಬಂಡೆಗಲ್ಲುಗಳ ಈ ನಾಡಿನಲ್ಲಿ ನಲ್ಲಿ ದಿನಾ ಬಾರದು. ಬಂದಾಗ ಡ್ರಮ್ಮು, ಸಿಮೆಂಟ್ ತೊಟ್ಟಿ, ಕೊಡ, ಬಾನಿ ಎಲ್ಲ ತುಂಬಿಡಬೇಕು. ಮೊಟ್ಟೆಯಿಂದ ಸೊಳ್ಳೆಯಾಗಲು ಬೇಸಿಗೆಯ ಶಾಖದಲ್ಲಿ ಏಳರಿಂದ ಹತ್ತು ದಿನ ಸಾಕು. ಪಾತ್ರೆಯ ಗೋಡೆಗಂಟಿದ ಮೊಟ್ಟೆ ನೀರಿಲ್ಲದೆ ತಿಂಗಳುಗಟ್ಟಲೆ ಕಾದು, ನೀರು ತಾಗಿದೊಡನೆ ಒಡೆಯಬಲ್ಲದು. ಅದು ಕಚ್ಚುವುದು ಹಗಲಿನಲ್ಲಿ. ರಾತ್ರಿಯ ಸೊಳ್ಳೆಪರದೆ ಅದಕ್ಕೆ ಅಡ್ಡಿಯಲ್ಲ. ವಾರಕ್ಕೊಮ್ಮೆ ತೊಟ್ಟಿ ಬರಿದು ಮಾಡಿ ಎಂದು ಗೋಡೆಯ ಮೇಲೆ ಬರೆಸುವವರು, ವಾರಕ್ಕೊಮ್ಮೆಯೂ ನೀರು ಬಾರದ ಓಣಿಯಲ್ಲಿ ಅದನ್ನು ಬರೆಸುತ್ತಿದ್ದಾರೆಯೇ ಎಂದು ನೋಡಬೇಕು. ಅಂತಹ ಕಡೆ ಬೇಕಾದದ್ದು ಬಿಗಿಯಾದ ಮುಚ್ಚಳ, ತೊಟ್ಟಿ ಉಜ್ಜಿ ತೊಳೆಯುವ ರೂಢಿ, ಲಾರ್ವಾ ತಿನ್ನುವ ಮೀನು, ಎಲ್ಲಕ್ಕಿಂತ ಮೊದಲು ನಿಯಮಿತವಾಗಿ ಬರುವ ನಲ್ಲಿ. ಕರಾವಳಿಯಲ್ಲಿ ಕತೆಯೇ ಬೇರೆ. ಅಲ್ಲಿ ಈಡಿಸ್ ಆಲ್ಬೊಪಿಕ್ಟಸ್ ಎಂಬ ತೋಟದ ಸೊಳ್ಳೆ ಅಡಿಕೆ ಹಾಳೆ, ರಬ್ಬರ್ ಹಾಲಿನ ಬಟ್ಟಲುಗಳಲ್ಲಿ ಹುಟ್ಟುತ್ತದೆ. ವೈರಸ್ಸಿನಲ್ಲಾದ ಒಂದು ಸಣ್ಣ ಮಾರ್ಪಾಡು ಅದಕ್ಕೆ ಒಗ್ಗಿತ್ತು. ಸುಳ್ಯಕ್ಕೂ ಕೂಡ್ಲಿಗಿಗೂ ಒಂದೇ ಕರಪತ್ರ ಹಂಚುವುದರಿಂದ ಎರಡೂ ಕಡೆ ಕೆಲಸ ನಡೆಯದು.

ಈಗ ಕೈಯ ವಿಷಯಕ್ಕೆ ಬರುತ್ತೇನೆ, ಈ ಇಡೀ ವಾದ ನಿಂತಿರುವುದು ಅದರ ಮೇಲೆ. ಚಿಕೂನ್‌ಗುನ್ಯಾ ಹೆಚ್ಚುವುದು ಮಳೆಗಾಲದಲ್ಲಿ ಮತ್ತು ಅದರ ಬೆನ್ನಲ್ಲಿ. ಮುಂಗಾರಿನ ಶೇಂಗಾ ಕೀಳುವುದು, ಕಾಯಿ ಬಿಡಿಸುವುದು, ಮೆಕ್ಕೆಜೋಳ ಮುರಿಯುವುದು ಅದೇ ತಿಂಗಳುಗಳಲ್ಲಿ. ವೈರಸ್ ಹಿಡಿಯುವುದು ಮಣಿಕಟ್ಟನ್ನು, ಬೆರಳುಗಂಟನ್ನು, ಹಿಮ್ಮಡಿಯನ್ನು. ಶೇಂಗಾ ಬಿಡಿಸಲು ಬೇಕಾದದ್ದು ಅದೇ ಬೆರಳು, ಹೊಲದಲ್ಲಿ ಕುಕ್ಕರುಗಾಲಲ್ಲಿ ಕೂರಲು ಬೇಕಾದದ್ದು ಅದೇ ಹಿಮ್ಮಡಿ. ಉದ್ಯೋಗ ಖಾತ್ರಿಯಲ್ಲಿ ಕೂಲಿ ಸಿಗುವುದು ಅಗೆದ ಮಣ್ಣಿನ ಅಳತೆಗೆ. ಗುದ್ದಲಿ ಹಿಡಿಯಲಾಗದವಳು ಕೆಲಸಕ್ಕೆ ಹೋದರೂ ಅಳತೆ ಕಡಿಮೆ, ಕೂಲಿ ಕಡಿಮೆ. ಸಂಬಳದ ನೌಕರನಿಗೆ ಈ ರೋಗ ರಜೆಯ ಪ್ರಶ್ನೆ. ದಿನಗೂಲಿಯವಳಿಗೆ ಅದು ಸಾಲದ ಪ್ರಶ್ನೆ, ಮಗಳ ಶಾಲೆ ಬಿಡಿಸುವ ಪ್ರಶ್ನೆ, ಏಕೆಂದರೆ ರೊಟ್ಟಿ ತಟ್ಟುವ ಕೈ ಬಿದ್ದುಹೋದರೆ ಮನೆಗೆಲಸ ಹೋಗಿ ಬೀಳುವುದು ಹುಡುಗಿಯ ಮೇಲೆ. ಇದಾವುದೂ ಸಾವಿನ ಅಂಕಣದಲ್ಲಿ ಕಾಣದು.

ಹಾಗಾದರೆ ಏನು ಮಾಡಬೇಕು? ಇಲ್ಲಿ ಕೇಳಿಬರುವ ಆಕ್ಷೇಪ ಗೊತ್ತಿದ್ದದ್ದೇ: ಔಷಧವಿಲ್ಲದ ರೋಗ, ಹಣವಿಲ್ಲದ ಇಲಾಖೆ. ಆದರೆ ನಾನು ಕೇಳುತ್ತಿರುವುದಕ್ಕೆ ಹೊಸ ಕಟ್ಟಡ ಬೇಡ. ಚಿಕೂನ್‌ಗುನ್ಯಾ ಎಂದು ದಾಖಲಾದ ಪ್ರತಿಯೊಬ್ಬರನ್ನೂ ಮೂರನೇ ವಾರಕ್ಕೊಮ್ಮೆ, ಮೂರನೇ ತಿಂಗಳಿಗೊಮ್ಮೆ ಆಶಾ ಕಾರ್ಯಕರ್ತೆ ಭೇಟಿಯಾಗಲಿ, ಆ ಭೇಟಿಗೆ ಆಕೆಗೆ ಭತ್ಯೆಯೂ ಸಿಗಲಿ. ಕೇಳಬೇಕಾದದ್ದು ಮೂರೇ ಮಾತು: ಬೆಳಗ್ಗೆ ಮುಷ್ಟಿ ಕಟ್ಟಲು ಬರುತ್ತದೆಯೇ, ಗಂಟು ಊದಿದೆಯೇ, ಕೆಲಸಕ್ಕೆ ಮರಳಿದ್ದೀರಾ. ಫ್ರಾನ್ಸಿನ ವೈದ್ಯರು ರಿಯೂನಿಯನ್ ಅನುಭವದ ಮೇಲೆ ಈ ರೋಗವನ್ನು ಮೂರು ಘಟ್ಟಗಳಾಗಿ ವಿಂಗಡಿಸಿದ್ದಾರೆ. ಮೊದಲ ಮೂರು ವಾರ, ಅಲ್ಲಿಂದ ಮೂರು ತಿಂಗಳು, ಅದರಾಚೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೂ ಆ ಮೂರು ಘಟ್ಟಗಳು, ಪ್ರತಿ ಘಟ್ಟದಲ್ಲಿ ಕೊಡಬೇಕಾದ ಮತ್ತು ಕೊಡಬಾರದ ಔಷಧಗಳು ಕನ್ನಡದಲ್ಲಿ ಇರಲಿ. ಮೂರು ತಿಂಗಳು ದಾಟಿದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಉರಿಯೂತ ತೋರುವ ಇಎಸ್‌ಆರ್, ಸಿಆರ್‌ಪಿ, ಜತೆಗೆ ರುಮಟಾಯ್ಡ್ ಅಂಶದ ಪರೀಕ್ಷೆ ಆಗಲಿ, ಕುಡಿಯುವ ನೀರಿನ ಫ್ಲೋರೈಡ್ ಕೂಡ ನೋಡಲಿ. ತಿಂಗಳಿಗೊಮ್ಮೆ ಹೊಸಪೇಟೆಯಲ್ಲಿ ಸಂಧಿವಾತ ತಜ್ಞರೊಬ್ಬರು ಕೂರಲಿ. ಬರಲಾಗದಿದ್ದರೆ ದೂರದಿಂದ ವಿಡಿಯೊ ಮೂಲಕ ನೋಡುವ ವ್ಯವಸ್ಥೆ ಈಗ ಅಸಾಧ್ಯವಲ್ಲ. ಕೀಲು ಹಿಡಿದವರಿಗೆ ಉದ್ಯೋಗ ಖಾತ್ರಿಯಲ್ಲಿ ಗುದ್ದಲಿಯಿಲ್ಲದ ಕೆಲಸ ಕೊಡುವ ನಿಯಮ ಬರಲಿ.

ಇವುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿ ಎಂದರೆ ನಾನು ಲೆಕ್ಕವನ್ನು ಆರಿಸಿಕೊಳ್ಳುತ್ತೇನೆ. ಎಣಿಸದ ನೋವಿಗೆ ಹಣ ಬರುವುದಿಲ್ಲ, ತಜ್ಞರು ಬರುವುದಿಲ್ಲ, ಔಷಧವೂ ಬರುವುದಿಲ್ಲ. 2006ರಲ್ಲಿ ಏಳೂವರೆ ಲಕ್ಷ ಜನರಿಗೆ ಜ್ವರ ಬಂತು ಎಂದು ನಾವು ಬರೆದಿಟ್ಟೆವು. ಅವರಲ್ಲಿ ಎಷ್ಟು ಜನರ ಕೈ ಮರಳಿ ಬಂತು ಎಂದು ಹಳ್ಳಿ ಹಳ್ಳಿಯಲ್ಲಿ ಕೇಳಲಿಲ್ಲ. ಬಾಧಿತರು, ಮೃತರು ಎಂಬ ಎರಡು ಅಂಕಣಗಳ ಪಕ್ಕದಲ್ಲಿ ಮೂರನೆಯದೊಂದನ್ನು ಆರೋಗ್ಯ ಇಲಾಖೆ ಈ ವರ್ಷವೇ ಸೇರಿಸಬೇಕು: ಮೂರು ತಿಂಗಳ ನಂತರವೂ ಕೆಲಸಕ್ಕೆ ಮರಳದವರು. ಕೂಡ್ಲಿಗಿ ತಾಲ್ಲೂಕಿನಿಂದಲೇ ಅದು ಶುರುವಾಗಲಿ.